ರಾಟವಾಳ ನೋಡಲು ಹೋದ ಇಂಗ್ಲಿಷ್ ತರಗತಿ

ಭದ್ರಾವತಿಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಾನು ನಿವೃತ್ತಳಾದೆ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು, ನಡುವೆ ಗಂಟಲು ಹರಿದುಕೊಳ್ಳುವುದು. ಈಗ ನಮ್ಮ ಬೀದಿಯ ಹುಡುಗಿಯೊಬ್ಬಳು ಇದೇ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಬಂದು, "ಆಂಟಿ, ಮೊದಲನೇ ದಿನ ಕ್ಲಾಸಲ್ಲಿ ಏನ್ ಮಾಡ್ಬೇಕು?" ಎಂದು ಕೇಳಿದಳು. ನಾನು ಹಾಜರಿ ತಗೋ ಅಂದೆ. ಅವಳು ನಕ್ಕು ಎದ್ದು ಹೋದ ಮೇಲೆ ಆ ಉತ್ತರ ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಹಳ ಶಿಸ್ತಿನ ಮನುಷ್ಯ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಪಾಠ ಮಾಡುವಾಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿಗೆ ಕರೆದು, "ಕಥೆ ಹೇಳ್ತಾ ಕೂತ್ರೆ ಹುಡುಗ್ರು ಪಾಸಾಗಲ್ಲಮ್ಮ, ನೋಟ್ಸ್ ಬರೆಸಿ" ಎಂದರು. ಬರೆಸಿದೆ. ವರ್ಷಗಟ್ಟಲೆ ಬರೆಸಿದೆ. ಹುಡುಗರು ಪಾಸಾದರು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಗೈಡುಗಳು ಬಂದವು, ಅದಾದ ಮೇಲೆ ಫೋನು ಬಂತು. ಕಾದಂಬರಿಯ ಸಾರಾಂಶ ನನಗಿಂತ ಮೊದಲೇ ಅವರ ಕೈಗೆ ಸಿಗತೊಡಗಿದಾಗ, ನೋಟ್ಸ್ ಬರೆಸುವ ನಾನು ತರಗತಿಯಲ್ಲಿ ಏಕೆ ನಿಂತಿದ್ದೇನೆ ಎಂಬ ಪ್ರಶ್ನೆ ನನಗೇ ಹುಟ್ಟಿತು.

ನನ್ನ ಸೇವೆಯ ಕೊನೆಕೊನೆಯ ವರ್ಷಗಳಲ್ಲಿ ಪಠ್ಯಕ್ಕೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಬಂತು. ಒಂದೇ ಓಣಿಯ ನಾಲ್ಕು ಮನೆಗಳ ಕಥೆ. ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಅಂಗಳ ನೋಡುವುದು, ಪರದೆ ಎಳೆಯುವುದು, ಚಹಾಕ್ಕೆ ಕರೆಯುವುದು, ಕರೆಯದೇ ಇರುವುದು. ಮುನ್ನೂರು ಪುಟ ಪೂರ್ತಿ ಹೀಗೇ.

"ಮೇಡಂ, ಇದ್ರಲ್ಲಿ ಏನೂ ಆಗೋದೇ ಇಲ್ವಲ್ಲ" ಎಂದು ಹಿಂದಿನ ಬೆಂಚಿನಿಂದ ದೂರು ಬಂತು.

ನನಗೂ ಹಾಗೇ ಅನ್ನಿಸಿತ್ತು. ಆದರೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಪುಸ್ತಕ ಮುಚ್ಚಿಟ್ಟು, "ಸರಿ, ನಿಮ್ಮ ಪಕ್ಕದ ಮನೆಯವರ ಬಗ್ಗೆ ಹೇಳಿ. ಬಂದಷ್ಟು ಇಂಗ್ಲಿಷಲ್ಲಿ, ಬರದೇ ಇದ್ದದ್ದು ಕನ್ನಡದಲ್ಲಿ" ಎಂದೆ. ಮೊದಲು ಮುಸುಮುಸು ನಗು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಅವತ್ತು ಸೆಲ್ವಿ ಎದ್ದು ನಿಂತದ್ದು ನೆನಪಿದೆ. ಕಾರ್ಖಾನೆಯ ಕಡೆಯ ಒಂದು ವಠಾರದ ಹುಡುಗಿ. ಮನೆಯಲ್ಲಿ ತಮಿಳು, ಹೊರಗೆ ಅಚ್ಚ ಭದ್ರಾವತಿ ಕನ್ನಡ. ಅವಳು ಹೇಳಿದ್ದು ಪಕ್ಕದ ಮನೆಯ ಮಣಿ ಮಾಮನ ಬಗ್ಗೆ. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಮಯದಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದರಂತೆ. ದಿನಾ ಬೆಳಿಗ್ಗೆ ಮಣಿ ಮಾಮ ತನ್ನ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಪರೀಕ್ಷಾ ಕೇಂದ್ರಕ್ಕೆ ಬಿಟ್ಟು, ಬರೆದು ಮುಗಿಸುವ ತನಕ ಗೇಟಿನ ಹೊರಗೆ ಕೂತಿರುತ್ತಿದ್ದನಂತೆ. "ಹೀ ಈಸ್ ನಾಟ್ ಮೈ ಅಂಕಲ್. ಬಟ್ ಹೀ ಈಸ್ ಮೈ ಅಂಕಲ್" ಎಂದಳು. ಆ ವಾಕ್ಯಕ್ಕೆ ನಾನು ಯಾವ ತಿದ್ದುಪಡಿಯನ್ನೂ ಮಾಡಲಿಲ್ಲ.

ಅದೇ ಕಾದಂಬರಿಯಲ್ಲಿ ಒಂದು ಮನೆಯ ಕಿಟಕಿಗೆ ಪಂಜರ ತೂಗಿಹಾಕಿರುತ್ತಾರೆ. ಒಳಗೊಂದು ಫಿಂಚ್.

"ಫಿಂಚ್ ಅಂದ್ರೆ ಏನು ಮೇಡಂ?"

"ಒಂಥರಾ ಗುಬ್ಬಿ" ಎಂದು ಮುಂದೆ ಹೋದೆ. ಹುಡುಗರು ಬಿಡಬೇಕಲ್ಲ. ಒಬ್ಬ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿಯೇಬಿಟ್ಟ. ಸೆಲ್ವಿ ಬಗ್ಗಿ ನೋಡಿ, "ಇದರ ಜಾತಿದೇ ಏನೋ ನಮ್ಮ ಕೆರೆ ಜೊಂಡಲ್ಲೂ ಇರುತ್ತೆ ಮೇಡಂ. ಕೆಂಪಗೆ, ಮೈಮೇಲೆ ಬಿಳಿ ಚುಕ್ಕೆ. ಮುಷ್ಟಿಯೊಳಗೆ ಹಿಡಿಸುವಷ್ಟೇ ಇರುತ್ತೆ" ಎಂದಳು. ಪ್ರಾಣಿಶಾಸ್ತ್ರದ ಸಹೋದ್ಯೋಗಿಯನ್ನು ಕೇಳಿದೆ. ಅದು ಕೆಂಪು ರಾಟವಾಳ, ಫಿಂಚ್‌ಗೆ ದೂರದ ನೆಂಟ, ಗದ್ದೆ ಕುಯ್ಲಿನ ಹೊತ್ತಿಗೆ ಹಿಂಡು ಕಟ್ಟಿಕೊಂಡು ಜೊಂಡಿಗೆ ಬರುತ್ತದೆ ಎಂದರು. ಹೇಗೂ ಕಾಲೇಜಿನ ಪರಿಸರ ಕ್ಲಬ್ಬನ್ನು ಬೇರೆ ಯಾರೂ ಬೇಡವೆಂದಾಗ ನನ್ನ ತಲೆಗೆ ಕಟ್ಟಿದ್ದರು. ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿಯೇ ಬರೋಣ ಎಂದೆ.

ಏಳೆಂಟು ಹುಡುಗಿಯರು ಬಂದರು. ಕೆರೆ ಏರಿಯ ಮೇಲೆ ಇನ್ನೂ ಮಂಜು ಇತ್ತು. ಎದುರಿಗೆ ಬೈಕಿನಲ್ಲಿ ಹರೀಶ ಬಂದ. ಕಾಲೇಜು ಗೇಟಿನಲ್ಲಿ ಗಿಡಮೂಲಿಕೆಯ ತಲೆಗೂದಲ ಎಣ್ಣೆ ಮಾರುವವನು, ಹಿಂದೆಲ್ಲ ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಜನರ ಕ್ಯಾಂಪಿನವನು. ನಮ್ಮ ಹುಡುಗಿಯರೆಲ್ಲ ಅವನ ಗಿರಾಕಿಗಳೇ.

"ಏನ್ ಮೇಡಂ, ಇಷ್ಟ್ ಬೇಗ?"

"ಹಕ್ಕಿ ನೋಡೋಕಪ್ಪ."

"ನಮ್ಮ ಜನದ ಕೆಲಸ ನೀವು ಶುರು ಹಚ್ಕೊಂಡ್ರಾ?" ಎಂದು ನಕ್ಕು, ಹೊಳೆಹೊನ್ನೂರು ಸಂತೆಗೆ ಹೊರಟವನು ಬೈಕು ಓಡಿಸಿಕೊಂಡು ಹೋದ.

ರಾಟವಾಳಗಳು ಕಂಡವು. ಜೊಂಡಿನ ತೆನೆಗಳ ಮೇಲೆ ಯಾರೋ ಕುಂಕುಮ ಉದುರಿಸಿದ ಹಾಗೆ. ಒಂದು ಹಾರಿದರೆ ಎಲ್ಲವೂ ಹಾರಿ, ಸುತ್ತು ಹೊಡೆದು, ಮತ್ತೆ ಅಲ್ಲೇ ಕೂರುತ್ತಿದ್ದವು. ಹುಡುಗಿಯರು ಪಿಸುಮಾತಿಗಿಂತ ಗಟ್ಟಿಯಾಗಿ ಮಾತಾಡಲಿಲ್ಲ. ನನ್ನ ತರಗತಿಯಲ್ಲಿ ಅಂಥ ಮೌನವನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನೋಡುತ್ತ ನೋಡುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಕೆಲವು ಹಕ್ಕಿಗಳು ಗಾಳಿಯಲ್ಲೇ ನಿಂತಿದ್ದವು. ರೆಕ್ಕೆ ಬಡಿಯುತ್ತಿದ್ದವು, ಮುಂದೆ ಹೋಗುತ್ತಿರಲಿಲ್ಲ. ಹತ್ತಿರ ಹೋದಾಗ ಗೊತ್ತಾಯಿತು. ಎರಡು ಬಿದಿರು ಗಳುಗಳ ನಡುವೆ ಕೂದಲಿನಷ್ಟು ಸಣ್ಣ ಎಳೆಯ ಬಲೆ. ಅದರ ಬುಡದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ, ಬುಟ್ಟಿಯೊಳಗೆ ಚಿಲಿಪಿಲಿ. ನಾನು ಏನು ಮಾಡಬೇಕೆಂದು ಯೋಚಿಸುವಷ್ಟರಲ್ಲಿ ಸೆಲ್ವಿ ಕೆಸರಿಗಿಳಿದು, ಒಂದು ಹಕ್ಕಿಯ ಕಾಲಿನಿಂದ ಎಳೆ ಬಿಡಿಸತೊಡಗಿದ್ದಳು.

"ಏಯ್! ಬಲೆ ಮುಟ್ಟಬ್ಯಾಡ!"

ಜೊಂಡಿನೊಳಗಿಂದ ಇಬ್ಬರು ಬಂದರು. ಮುಖಕ್ಕೆ ಟವೆಲ್ ಸುತ್ತಿದ್ದರು. ಮುಂದಿದ್ದವನ ಕೈಯಲ್ಲಿ ಜೊಂಡು ಸವರುವ ಕತ್ತಿ. ಹುಡುಗಿಯರು ನನ್ನ ಹಿಂದೆ ಸರಿದರು. ಸೆಲ್ವಿ ಮಾತ್ರ ಬಲೆಯ ಹತ್ತಿರ ಒಬ್ಬಳೇ ಉಳಿದಳು. ಇವರಲ್ಲಿ ಒಬ್ಬಳಿಗೆ ಏನಾದರೂ ಆದರೆ ಅವಳ ತಾಯಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿ.

"ನಾವು ಕಾಲೇಜಿನವರು. ಫೋನ್ ಮಾಡಿ ಆಗಿದೆ" ಎಂದೆ. ಇನ್ನೂ ಮಾಡಿರಲಿಲ್ಲ.

"ಮಾಡ್ರಿ, ಯಾರಿಗ್ ಬೇಕಾದ್ರೂ ಮಾಡ್ರಿ" ಎನ್ನುತ್ತ ಕತ್ತಿಯವನು ಸೆಲ್ವಿಯ ಕಡೆ ಎರಡು ಹೆಜ್ಜೆ ಇಟ್ಟ. ಆಗ ಹಿಂದಿದ್ದವನು ಓಡಿಬಂದು ಅವನ ತೋಳು ಹಿಡಿದ. ಎಳೆದಾಟದಲ್ಲಿ ಆ ಎರಡನೆಯವನ ಟವೆಲ್ ಜಾರಿತು. ಅವನ ಬೆನ್ನು ನನ್ನ ಕಡೆಗಿತ್ತು, ಮುಖ ಸೆಲ್ವಿಯ ಕಡೆಗೆ. ಅವಳು ಅವನನ್ನೇ ನೋಡಿದಳು. ಅವಳ ಕೈಯಲ್ಲಿದ್ದ ಹಕ್ಕಿ ಹಾರಿಹೋಯಿತು.

"ಬಾ, ಬಾ, ಹೋಗಣ. ಬ್ಯಾಡ" ಎಂದು ಅವನು ಟವೆಲ್ ಎಳೆದುಕೊಂಡು ಇನ್ನೊಬ್ಬನನ್ನು ಎಳೆದೊಯ್ದ. ಬಲೆ, ಬುಟ್ಟಿ ಅಲ್ಲೇ ಉಳಿದವು.

ಆಮೇಲೆ ನಿಜವಾಗಿಯೂ ಫೋನ್ ಮಾಡಿದೆ, ಅರಣ್ಯ ಇಲಾಖೆಯ ಗಾರ್ಡ್ ಬಂದರು. ಬುಟ್ಟಿಯ ಬಟ್ಟೆ ತೆಗೆದಾಗ ಬದುಕಿದ್ದವು ಹಾರಿದವು. ಹಾರದೇ ಉಳಿದವನ್ನು ನಾನು ಹುಡುಗಿಯರಿಗೆ ತೋರಿಸಲಿಲ್ಲ. ಗಾರ್ಡ್ ನಮ್ಮನ್ನೆಲ್ಲ ಕೇಳಿದರು, "ಯಾರಾದ್ರೂ ಗುರುತು ಸಿಕ್ರಾ?" ಮುಖ ಮುಚ್ಚಿತ್ತು ಎಂದೆ. ಹುಡುಗಿಯರೂ ಹಾಗೇ ಹೇಳಿದರು. ಸೆಲ್ವಿ ಕೆಸರು ಕಾಲು ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು.

ಸೋಮವಾರ ಅವಳು ಕಾಲೇಜಿಗೆ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೋ ಫೋನು ಮುಂದೆ ಹಿಡಿದು, "ನೋಡಿ ಮೇಡಂ, ನಿಮ್ಮ ಹಕ್ಕಿ ಕಳ್ಳ ಸಿಕ್ಕಿಬಿದ್ದ" ಎಂದರು. ಚಿತ್ರದಲ್ಲಿ ಇಬ್ಬರು ಗಾರ್ಡ್‌ಗಳ ನಡುವೆ ಹರೀಶ ನಿಂತಿದ್ದ. ಭಾನುವಾರ ಬೆಳಿಗ್ಗೆ ಅವನ ಬೈಕು ಏರಿಯ ಮೇಲೆ ಕಂಡಿತ್ತೆಂದು ಯಾರೋ ಹೇಳಿದ್ದರು. ಹಕ್ಕಿಪಿಕ್ಕಿಯವನು ಎಂಬುದು ಉಳಿದ ಕೆಲಸ ಮಾಡಿತ್ತು.

ಅವನು ನಮಗೆ ಎದುರು ದಿಕ್ಕಿನಲ್ಲಿ ಹೋದದ್ದನ್ನು ನಾನೇ ನೋಡಿದ್ದೆ. ಆಗಿನ ಪ್ರಿನ್ಸಿಪಾಲರ ಬಳಿ ಹೋಗಿ, ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಬೇಕು ಎಂದೆ. ಅವರು ಕೆಟ್ಟವರಲ್ಲ, ಭಯಸ್ಥರು.

"ಮೇಡಂ, ನೀವು ಇಂಗ್ಲಿಷಿನವರು. ಪಾಠ ಮಾಡಿ ಮನೆಗೆ ಹೋಗಿ. ನಾಳೆ ಹುಡುಗೀರ ಹೆಸರು ಪೇಪರಲ್ಲಿ ಬಂದ್ರೆ ಅಪ್ಪ ಅಮ್ಮಂದಿರು ನನ್ನ ಚೇಂಬರಿಗೆ ನುಗ್ತಾರೆ."

"ಸರ್, ಆ ಮನುಷ್ಯ ಅಲ್ಲಿರಲಿಲ್ಲ."

"ಹೋಗೋದಿದ್ರೆ ನಿಮ್ಮ ಹೆಸರಲ್ಲಿ ಹೋಗಿ. ಕಾಲೇಜಿನ ಹೆಸರು ಬೇಡ."

ನನ್ನ ಹೆಸರಲ್ಲೇ ಹೋದೆ. ರೇಂಜರ್ ಕೂರಿಸಿ ಕೇಳಿಸಿಕೊಂಡರು. ಹರೀಶ ಒಳಗಿನ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಹೇಳಿ ಮೇಡಂ, ನೀವೇ ಹೇಳಿ. ನಾನು ಸಂತೆಗೆ ಹೋಗ್ತಿದ್ದೆ ಅಲ್ವಾ?"

"ಮೇಡಂ, ನೀವು ಮುಖ ಮುಚ್ಚಿತ್ತು ಅಂತ ಹೇಳಿಕೆ ಕೊಟ್ಟಿದ್ದೀರಿ" ಎಂದರು ರೇಂಜರ್. "ಮುಖ ಕಾಣದೇ ಇದ್ದವರಲ್ಲಿ ಇವನಿರಲಿಲ್ಲ ಅಂತ ಹೆಂಗೆ ಹೇಳ್ತೀರಿ? ಆ ಕಡೆ ಹೋದವನು ಸುತ್ತಿ ಬಂದಿರಬಹುದಲ್ಲ? ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು. ಯಾರಾದ್ರೂ ಮುಖ ನೋಡಿದವರು ಇದ್ರೆ ಕರ್ಕೊಂಡು ಬನ್ನಿ, ಬರ್ಕೋತೀನಿ."

ಮುಖ ನೋಡಿದವಳು ಯಾರೆಂದು ನನಗೆ ಗೊತ್ತಿತ್ತು. ಆಟೋ ಹಿಡಿದು ಸೆಲ್ವಿಯ ವಠಾರಕ್ಕೆ ಹೋದೆ. ದಾರಿಯುದ್ದಕ್ಕೂ ನನ್ನೊಳಗೇ ವಾದ ನಡೆದಿತ್ತು. ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ಇದನ್ನು ಹೊರಿಸುವುದು ನ್ಯಾಯವೇ? ಹೊರಿಸದಿದ್ದರೆ ಆ ಬೆಂಚಿನ ಮೇಲೆ ಕೂತವನ ಗತಿ ಏನು?

ವಠಾರ ಎಂದರೆ ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ನಲ್ಲಿ. ಸೆಲ್ವಿಯ ತಾಯಿ ನನ್ನನ್ನು ಕಂಡು ಗಾಬರಿಯಾದಳು. ಸೆಲ್ವಿಗೆ ನಾನೇನೂ ಕೇಳಬೇಕಾಗಲಿಲ್ಲ. ಅವಳ ಫೋನಿನಲ್ಲೂ ಹರೀಶನ ಚಿತ್ರ ಬಂದಿತ್ತು.

"ಮಣಿ ಮಾಮ ಮೇಡಂ" ಎಂದು ಮೆಲ್ಲಗೆ ಹೇಳಿ ಮುಖ ಮುಚ್ಚಿಕೊಂಡಳು. "ಆ ಕತ್ತಿ ಹಿಡ್ಕೊಂಡಿದ್ದವನನ್ನ ಎಳ್ಕೊಂಡು ಹೋಗಿದ್ದು ಅವರೇ. ನನಗೋಸ್ಕರ."

ನೀನು ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹರೀಶನನ್ನು ನಾಳೆ ಕೋರ್ಟಿಗೆ ಕರೆದೊಯ್ಯುತ್ತಾರೆ ಎಂಬುದನ್ನು ಮಾತ್ರ ತಿಳಿಸಿದೆ. ಅವಳ ತಾಯಿ ನನ್ನ ಕೈ ಹಿಡಿದುಕೊಂಡಳು. "ನಾವು ಇಲ್ಲೇ ಬದುಕಬೇಕು ಮೇಡಂ. ನೀವು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗ್ತೀರ."

 

ಸೆಲ್ವಿ ಎದ್ದಳು. "ಮೊದಲು ಮಾಮಂಗೆ ಹೇಳ್ತೀನಿ. ಹೇಳದೆ ಹೋದ್ರೆ ಕಳ್ಳತನ ಆಗುತ್ತೆ."

ಮಣಿ ಬಾಗಿಲಲ್ಲೇ ಇದ್ದ. ನಲವತ್ತೈದರ ಆಸುಪಾಸಿನ ಮನುಷ್ಯ. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹೋದ ಮೇಲೆ ಪೇಂಟಿಂಗು, ಗಾರೆ ಕೆಲಸ, ಸಿಕ್ಕಿದ್ದು ಮಾಡುತ್ತಿದ್ದವನು. ಅವಳನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಆದರೂ ಯಾವಾಗಲೂ ಮುದ್ದಿನಿಂದ ಕರೆಯುವ ಹಾಗೇ, "ಏನ್ ಕಣ್ಣು, ಮೇಡಂ ಬಂದಿದ್ದಾರೆ, ಕಾಫಿ ಕೊಟ್ರಾ?" ಎಂದ.

"ಮಾಮ, ಹರೀಶಣ್ಣನ್ನ ಹಿಡಿದಿದ್ದಾರೆ."

"ಯಾವ ಹರೀಶ?"

"ಮಾಮ."

ಅವನ ಹೆಂಡತಿ ಲಕ್ಷ್ಮಿ ಒಳಗಿಂದ ಬಂದಳು. ವಿಷಯ ಅವಳಿಗೂ ತಿಳಿದಿತ್ತೆಂದು ಕಾಣುತ್ತದೆ. ಏಕೆಂದರೆ ಒಂದು ಪ್ರಶ್ನೆಯನ್ನೂ ಕೇಳದೆ ನೇರವಾಗಿ ಕೂಗಿದಳು. "ಇವಳ ಎಕ್ಸಾಮಿಗೆ ದಿನಾ ಕೆಲಸ ಬಿಟ್ಟು ಹೋಗಿ ಬಿಸಿಲಲ್ಲಿ ಕೂತ್ರಲ್ಲ, ಇದಕ್ಕೇನಾ? ಕಾಲೇಜಲ್ಲಿ ಇದನ್ನೇ ಕಲಿಸ್ತೀರಾ ನೀವು?" ಕೊನೆಯ ಮಾತು ನನಗೆ.

ಆ ಕೂಗಿಗೆ ಎರಡೂ ಸಾಲಿನ ಬಾಗಿಲುಗಳು ತೆರೆದವು. ಜನ ಹೊರಬಂದು ನಲ್ಲಿಯ ಸುತ್ತ ನಿಂತರು. ಯಾರೋ ಹೋಗಿ ವಠಾರದ ಗೇಟಿನ ಚಿಲಕ ಹಾಕಿದ ಸದ್ದು ಕೇಳಿಸಿತು. ಒಬ್ಬ ಮುದುಕ ತಮಿಳಿನಲ್ಲಿ ಏನೋ ಬೈದ. ಇನ್ನೊಬ್ಬ, "ಅವನು ಹಕ್ಕಿಪಿಕ್ಕಿ ತಾನೇ, ಅವರಿಗೇನು ಹೊಸದಾ? ಎರಡು ದಿನ ಕೂತು ಬರ್ತಾನೆ. ನಮ್ಮ ಮನುಷ್ಯನ್ನ ಯಾಕೆ ಹಾಳು ಮಾಡ್ತೀಯ?" ಎಂದ. ಸೆಲ್ವಿಯ ತಾಯಿ ಗೋಡೆಗೆ ಒರಗಿ ಅಳುತ್ತಿದ್ದಳು.

"ಹರೀಶಣ್ಣನಿಗೂ ಪಕ್ಕದ ಮನೆಯವರು ಇದ್ದಾರೆ" ಎಂದಳು ಸೆಲ್ವಿ. "ಮಾಮ, ನೀವೇ ಬನ್ನಿ. ನಾನೂ ಜೊತೇಲಿ ಬರ್ತೀನಿ. ಅವನನ್ನ ಎಳ್ಕೊಂಡು ಹೋಗಿ ನಮ್ಮನ್ನ ಕಾಪಾಡಿದ್ದು ನೀವೇ ಅಂತಲೂ ಹೇಳ್ತೀನಿ."

ಮಣಿ ನೆಲ ನೋಡುತ್ತ ನಿಂತ. ಬರುತ್ತಾನೆ ಎಂದು ನನಗೆ ಒಂದು ಕ್ಷಣ ಅನ್ನಿಸಿತ್ತು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗೇಟಿನ ಬಳಿ ಇಬ್ಬರು ಅಡ್ಡ ನಿಂತಿದ್ದರು. ಸೆಲ್ವಿ ನೇರ ಹೋಗಿ ಅವರ ಮುಂದೆ ನಿಂತಳು, ತಳ್ಳಲಿಲ್ಲ, ಬೇಡಲಿಲ್ಲ. ಹಿಂದಿನಿಂದ ಅವಳ ಅಪ್ಪ ಬಂದರು. ಕಾಯಿಲೆಯ ಮನುಷ್ಯ, ಅಷ್ಟು ಹೊತ್ತೂ ಮನೆಯೊಳಗೇ ಇದ್ದವರು. "ಬಿಡ್ರಪ್ಪ, ಮಗು ಹೋಗಲಿ" ಎಂದಷ್ಟೇ ಹೇಳಿ ತಾವೇ ಚಿಲಕ ತೆಗೆದರು.

ರೇಂಜ್ ಆಫೀಸಿನಲ್ಲಿ ಅವಳು ಹೇಳಿಕೆ ಕೊಟ್ಟಳು. ಮಣಿಯ ಹೆಸರು ಹೇಳುವಾಗ ಒಮ್ಮೆ ನಿಲ್ಲಿಸಿ ನೀರು ಕೇಳಿದಳು. ಅವನು ಇನ್ನೊಬ್ಬನನ್ನು ತಡೆದದ್ದನ್ನೂ ಬರೆದುಕೊಳ್ಳಲೇಬೇಕೆಂದು ಹಟ ಹಿಡಿದಳು. ಬರೆದದ್ದನ್ನು ಓದಿಸಿ ಕೇಳಿ ಆಮೇಲೆಯೇ ಸಹಿ ಹಾಕಿದಳು. ಕೆಳಗೆ ನಾನೂ ಹಾಕಿದೆ. ಹರೀಶನನ್ನು ಮರುದಿನ ಬಿಟ್ಟರು. ಮಣಿ ಕೆಲವು ದಿನ ಕಾಣಲಿಲ್ಲ. ಆಮೇಲೆ ವಕೀಲರೊಬ್ಬರ ಜೊತೆ ತಾನೇ ಬಂದು ಹಾಜರಾದ, ಜಾಮೀನಿನ ಮೇಲೆ ಮನೆಗೆ ಬಂದ. ಕತ್ತಿಯವನ ಹೆಸರನ್ನು ಅವನು ಹೇಳಿದನೋ ಇಲ್ಲವೋ ತಿಳಿಯದು. ಪಂಜರಕ್ಕೆಂದು ಹಕ್ಕಿ ಕೊಳ್ಳುತ್ತಿದ್ದ ದೊಡ್ಡ ಕುಳ ಯಾರೆಂಬುದು ಹೊರಬರಲೇ ಇಲ್ಲ.

ಹರೀಶ ಗೇಟಿಗೆ ಮತ್ತೆ ಎಣ್ಣೆ ತಂದ ದಿನ ಸೆಲ್ವಿ ಅವನ ಹತ್ತಿರ ಹೋದಳು. ನಾನು ಪಕ್ಕದಲ್ಲೇ ಇದ್ದೆ.

"ನಿನ್ನಿಂದ ಮನೆಗೆ ಬಂದೆ ಕಣಮ್ಮ, ಇಲ್ಲ ಅನ್ನಲ್ಲ" ಎಂದ. "ಆದ್ರೆ ಭಾನುವಾರಾನೇ ಹೇಳಿದ್ರೆ ಅವರು ನಮ್ಮ ಕ್ಯಾಂಪಿಗೆ ಬರ್ತಾನೇ ಇರಲಿಲ್ಲ. ನನ್ನ ಮಗಳು ಇನ್ನೂ ಸ್ಕೂಲಿಗೆ ಹೋಗಲ್ಲ ಅಂತಾಳೆ. ಹುಡುಗ್ರು ಏನೇನೋ ಕರೀತಾರಂತೆ."

ಸೆಲ್ವಿ ಮುಂದಿನ ಶನಿವಾರ ಆ ಮಗುವಿನ ಶಾಲೆಗೆ ಹೋದಳು. ಇಡೀ ತರಗತಿಯ ಮಕ್ಕಳ ಎದುರು ಹರೀಶನ ಮಗಳ ಪಕ್ಕ ನಿಂತು, ಅವಳ ಅಪ್ಪ ಯಾವ ತಪ್ಪೂ ಮಾಡಿಲ್ಲ, ತಾನೇ ಕಣ್ಣಾರೆ ಕಂಡವಳು ಎಂದು ಹೇಳಿ ಬಂದಳು. ಹೋಗೆಂದು ಅವಳಿಗೆ ನಾನು ಹೇಳಿರಲಿಲ್ಲ. ಆ ಶಾಲೆಯ ಮೇಷ್ಟರಿಂದ ನನಗೆ ತಿಳಿಯಿತು.

ವಠಾರದಲ್ಲಿ ಮಾತ್ರ ಯಾವುದೂ ಸರಿಯಾಗಲಿಲ್ಲ. ಸೆಲ್ವಿಯ ತಾಯಿ ಕೊಡ ಹಿಡಿದು ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಪೊಂಗಲ್ ದಿನ ಅವರ ಮನೆಗೆ ಒಂದು ತಟ್ಟೆಯೂ ಬರಲಿಲ್ಲ. ಅಂತಿಮ ಪರೀಕ್ಷೆ ಮುಗಿದ ಮೇಲೆ ಅವರು ಊರಿನ ಇನ್ನೊಂದು ತುದಿಯಲ್ಲಿ ಮನೆ ಹಿಡಿದರು. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ಒಬ್ಬರಾದರೂ ಹೊರಗಿನವರು ಜೊತೆಗಿರಲಿ ಅನ್ನಿಸಿತ್ತು.

ಲಗೇಜ್ ಆಟೋ ಗೇಟಿನ ಹೊರಗೆ ನಿಂತಿತ್ತು. ವಠಾರದ ಬಾಗಿಲುಗಳೆಲ್ಲ ಮುಚ್ಚಿದ್ದವು, ಒಳಗೆ ಟಿವಿಗಳ ಸದ್ದು. ಸೆಲ್ವಿಯ ಅಪ್ಪನಿಗೆ ಎತ್ತುವ ಶಕ್ತಿಯಿರಲಿಲ್ಲ. ಆಟೋದವನು, ಸೆಲ್ವಿ, ಅವಳ ತಾಯಿ ಮೂವರೂ ಸೇರಿ ಕಬ್ಬಿಣದ ಬೀರುವನ್ನು ಹೊಸ್ತಿಲ ತನಕ ತಂದು ಅಲ್ಲೇ ಸಿಕ್ಕಿಕೊಂಡರು. ನಾನು ಕೈ ಹಾಕಲು ಹೋದೆ.

ಪಕ್ಕದ ಬಾಗಿಲು ತೆರೆಯಿತು. ಮಣಿ ಬಂದ. ಬನಿಯನ್ನು, ಮೇಲಕ್ಕೆ ಕಟ್ಟಿದ ಲುಂಗಿ. ಒಳಗಿಂದ ಲಕ್ಷ್ಮಿ, "ರೀ" ಎಂದು ಕರೆದದ್ದು ಕೇಳಿಸಿತು. ಅವನು ತಿರುಗಲಿಲ್ಲ. ಸೆಲ್ವಿಯ ತಾಯಿಯನ್ನು ಪಕ್ಕಕ್ಕೆ ಸರಿಸಿ ಬೀರುವಿನ ಕೆಳತುದಿಗೆ ಭುಜ ಕೊಟ್ಟ. ಬೀರು ಎದ್ದಿತು. ಆಟೋಕ್ಕೆ ಏರಿಸಿದ ಮೇಲೆ ಚಾಲಕ ಹಗ್ಗ ಬಿಗಿಯತೊಡಗಿದ.

"ಹಂಗಲ್ಲಪ್ಪ ಕಟ್ಟೋದು. ತಿರುವಲ್ಲಿ ಬಿದ್ದು ಹೋಗುತ್ತೆ" ಎಂದು ಮಣಿ ಆ ಗಂಟು ಬಿಚ್ಚಿ, ಬೀರುವಿನ ಸುತ್ತ ಇನ್ನೊಂದು ಸುತ್ತು ತಂದು, ಕಾಲು ಕೊಟ್ಟು ಎಳೆದು ಕಟ್ಟಿದ.

ಸೆಲ್ವಿ ಕೈಯಲ್ಲಿ ತುಳಸಿ ಗಿಡದ ಡಬ್ಬ ಹಿಡಿದು ನಿಂತಿದ್ದಳು. ಅವನು ಅವಳ ಮುಖ ನೋಡದೆ, ಹಗ್ಗದ ತುದಿಯನ್ನು ಸಿಕ್ಕಿಸುತ್ತ ಕೇಳಿದ:

"ಅಲ್ಲಿ ನೀರು ಯಾವಾಗ ಬರುತ್ತೆ?"

"ಬೆಳಿಗ್ಗೆ ಐದಕ್ಕಂತೆ ಮಾಮ."

"ಹಂಗಾದ್ರೆ ಬೇಗ ಏಳ್ಬೇಕು ನೀನು. ಅಮ್ಮನ ಕೈಲಿ ಆಗಲ್ಲ" ಎಂದು ಹೇಳಿ, ಕೈ ಕೊಡವಿಕೊಂಡು ಒಳಗೆ ಹೋದ.